ತುಂಗಭದ್ರೆಯ ಜಲಮಾರ್ಗ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನಾವು ನಮ್ಮ ಹೊಳಿಯ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇವೆ. ತುಂಗಾ, ಭದ್ರಾ ಎರಡೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುತ್ತವೆ. ಗಳಗನಾಥದಲ್ಲಿ ವರದೆಯನ್ನು ಕೂಡಿಕೊಂಡ ತುಂಗಭದ್ರೆ ಮುಂಡರಗಿ ತಾಲೂಕಿನ ದಕ್ಷಿಣದ ಅಂಚಿಗೆ ಬರುತ್ತಾಳೆ.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳಲ್ಲಿ ತುಂಗಭದ್ರೆಯದು 104ನೇ ನಂಬರು. "ಹಂಗಾದ್ರ ನಮ್ಮೂರಿಗೂ ಹಡಗು ಬರತಾವೇನ್ರಿ?" ಎಂದು ಕೇಳುವವರುಂಟು. ಅದು ಹೊಸಪೇಟೆ ಆಣೆಕಟ್ಟಿನ ಕೆಳಗಿನ ಭಾಗ. ನಮ್ಮ ದಂಡಿ ಅದರಾಗಿಲ್ಲ. ಹೊಳಿಯ ಉದ್ದಕ್ಕೆ ದೋಣಿ ನಡೆಸುವ ಆಸೆ ಹೊಸದೂ ಅಲ್ಲ. 1863ರಲ್ಲಿ ಮದ್ರಾಸಿನ ಕಂಪನಿಯೊಂದು ಸುಂಕೇಸುಲದಿಂದ ಕರ್ನೂಲು–ಕಡಪ ಕಾಲುವೆ ತೋಡಲು ಹೊರಟಾಗ ಹೊಲಕ್ಕೆ ನೀರು, ದೋಣಿಗೆ ದಾರಿ ಎಂಬ ಎರಡೂ ಲೆಕ್ಕ ಇತ್ತು. 1882ರಲ್ಲಿ ಸರ್ಕಾರವೇ ಅದನ್ನು ಕೊಳ್ಳಬೇಕಾಯಿತು. ಮಳೆಗಾಲದಾಗ ದಂಡಿ ಮೀರುವ ಹೊಳಿ ಬ್ಯಾಸಗ್ಯಾಗ ಬಂಡೆ, ಉಸುಕು ತೋರಿಸುತ್ತದೆ.

ಆದ್ದರಿಂದ ನಮ್ಮ ಹಿರಿಯರು ಹೊಳಿಯನ್ನು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಬಳಸಿದರು. ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲಿಗೆ ಹೆಚ್ಚು ಆಳ ಬೇಕಿಲ್ಲ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸರ ಡೊಮಿಂಗೊ ಪಾಯಸ್, ಇದೇ ಹೊಳಿಯಲ್ಲಿ ಹದಿನೈದಿಪ್ಪತ್ತು ಜನರನ್ನು ಹೊತ್ತು ತಿರುಗುತ್ತ ಸಾಗುವ ಬುಟ್ಟಿಯಂಥ ದೋಣಿಗಳನ್ನು ಬಣ್ಣಿಸಿದ್ದಾನೆ.

ಒಂದು ಕಾಲಕ್ಕೆ ಈ ದಂಡಿ ಮುಂಬಯಿ ಪ್ರಾಂತ, ಆಚೆ ದಂಡಿಯ ಹಡಗಲಿ ಮದ್ರಾಸ್ ಪ್ರಾಂತ, ಮೂಡಲದ ಕೊಪ್ಪಳ ನಿಜಾಮರ ಸೀಮೆ. ಮೂರು ಸರ್ಕಾರ, ಒಂದೇ ನೀರು, ಒಂದೇ ಮಾತು! ಮೈಸೂರು ರಾಜ್ಯಕ್ಕೆ 1953ರಲ್ಲಿ ಬಳ್ಳಾರಿ ಸೇರಿತು, 1956ರಲ್ಲಿ ಧಾರವಾಡ, ಕೊಪ್ಪಳ ಸೇರಿದವು. ಬೀಗತನ, ಸಂತಿ, ಜಾತ್ರಿಗಳು ಅದಕ್ಕಿಂತ ಮೊದಲೇ ಹೊಳಿ ದಾಟಿದ್ದವು. ಈಗ ಕೊರ್ಲಹಳ್ಳಿ–ಮದಲಗಟ್ಟಿ ನಡುವೆ ಸೇತುವೆ ಇದೆ.

ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ಬ್ಯಾರೇಜು ಆಯಿತು, 2012ರಲ್ಲಿ ಉದ್ಘಾಟನೆಯಾಯಿತು. ಹೊಲಗಳಿಗೆ ನೀರಿನ ಆಸೆ ಬಂತು. ಆದರೆ ಬಿದರಳ್ಳಿ, ವಿಠಲಾಪುರ, ಗುಮ್ಮಗೋಳ ಮುಳುಗಡೆಯ ಪಟ್ಟಿಗೆ ಬಂದವು. ಒಬ್ಬರ ಹೊಲ ಹಸಿರಾಗಲು ಮತ್ತೊಬ್ಬರು ಮನಿ ಬಿಡುವುದಾದರೆ, ಆ ಋಣ ಯಾರು ತೀರಿಸಬೇಕು? ನೀರು ಉಂಡವರೇ ತೀರಿಸಬೇಕು. ಹರಿಗೋಲಿನವ ಎಲ್ಲರನ್ನೂ ದಂಡಿ ಮುಟ್ಟಿಸತಾನ, ನಡುನೀರಾಗ ಯಾರನ್ನೂ ಇಳಸೂದಿಲ್ಲ.

1905ರಲ್ಲಿ ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರದ ಹರಿಗೋಲಿಗೆ ಹುಟ್ಟು ಹಾಕಿದರು. ಅದೇ ದಾರಿಯ ನಮ್ಮ ಸಂಘ ಸಾಲ, ಬೀಜ, ಗೊಬ್ಬರ ಕೊಡುವಾಗ ಊರು ಬಿಟ್ಟು ಬಂದ ಕುಟುಂಬಗಳನ್ನು ಮೊದಲ ಸಾಲಿನಲ್ಲಿ ನಿಲ್ಲಿಸಲಿ. ಕಡೀ ಕುಟುಂಬ ನೆಲಿ ನಿಲ್ಲೋ ತನಕ ಕೈ ಬಿಡದಿರಲಿ. ಬೆಳ್ಳಿಹಬ್ಬದ ಠರಾವು ಇದೇ ಆಗಲೆಂದು ಕೋರಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ.