ಹನೋಯ್‌ನಲ್ಲಿ ಅಮ್ಮನ ಜೊತೆ ಒಂದು ವಾರ: ಪ್ಯಾಕೇಜ್ ಇಲ್ಲದೆ, ಸಸ್ಯಾಹಾರ ಬಿಡದೆ

 

ತುಂಬಾ ದಿನದಿಂದ ಒಂದೇ ಪ್ರಶ್ನೆ ಬರ್ತಾ ಇದೆ. "ಟೂರ್ ಪ್ಯಾಕೇಜ್ ತಗೊಳ್ಳದೆ ಫಾರಿನ್‌ಗೆ ಹೋಗ್ಬಹುದಾ? ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋಕೆ ಆಗುತ್ತಾ? ಊಟಕ್ಕೇನು ಮಾಡೋದು?" ಇದಕ್ಕೆ ಉತ್ತರ ಅಂತಲ್ಲ, ನಾನು ಅಮ್ಮನ ಜೊತೆ ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಹೋಗಿ ಬಂದ ಕಥೆ ಹೇಳ್ತೀನಿ. ಕೊನೇಲಿ ನನ್ನ ಒಂದು ದೊಡ್ಡ ಪೆದ್ದುತನವೂ ಇದೆ. ಅದನ್ನ ಮುಚ್ಚಿಡಲ್ಲ.

ಅಮ್ಮ ತುಮಕೂರಿನವರು. ನಿವೃತ್ತ ಪ್ರಾಥಮಿಕ ಶಾಲೆ ಟೀಚರ್, ವಯಸ್ಸು 61. ಮೊಟ್ಟೆ ಕೂಡ ಮುಟ್ಟಲ್ಲ. ಪಾಸ್‌ಪೋರ್ಟ್ ಮಾಡಿಸಿ ಆರು ವರ್ಷ ಆಗಿತ್ತು, ಅದರಲ್ಲಿ ಒಂದು ಸೀಲೂ ಬಿದ್ದಿರಲಿಲ್ಲ. "ಇದು ಹೀಗೇ ಎಕ್ಸ್‌ಪೈರ್ ಆಗುತ್ತೆ ಕಣೇ" ಅಂತ ಒಂದಿನ ಬೀರು ಕ್ಲೀನ್ ಮಾಡ್ತಾ ಅಂದ್ರು. ನಗ್ತಾನೇ ಅಂದಿದ್ದು, ಆದ್ರೆ ನನಗೆ ಚುಚ್ಚಿತು. ಅವತ್ತು ರಾತ್ರಿನೇ ಟಿಕೆಟ್ ನೋಡೋಕೆ ಶುರು ಮಾಡಿದೆ. ಕೋಲ್ಕತ್ತಾ ಮೇಲೆ ಹೋಗೋದು ಅಗ್ಗ ಅನ್ನಿಸಿತು, ಅದನ್ನೇ ಹಿಡಿದ್ವಿ.

ವೀಸಾ ವಿಷಯ ಬೇಗ ಮುಗಿಸ್ತೀನಿ. ನಮಗೆ ವಿಯೆಟ್ನಾಂಗೆ ಇ-ವೀಸಾ ಬೇಕು. ಒಂದು ಸಲ ಪ್ರವೇಶಕ್ಕೆ 25 ಡಾಲರ್, ಅಲ್ಲಿಯ ಸರ್ಕಾರದ ಸೈಟ್‌ನಲ್ಲೇ ಹಾಕ್ಬಹುದು. ಅದೇ ಥರ ಕಾಣೋ ಏಜೆಂಟ್ ಸೈಟ್‌ಗಳು ಹತ್ತಾರಿವೆ, ಎರಡು ಮೂರು ಪಟ್ಟು ಕೇಳ್ತಾರೆ. ವಿಳಾಸದ ಕೊನೇಲಿ ಗವ್ ಡಾಟ್ ವಿಎನ್ ಇದೆಯಾ ನೋಡ್ಕೊಳ್ಳಿ. ಇನ್ನೊಂದು, ನಮ್ಮ ಕಡೆ ಸುಮಾರು ಜನಕ್ಕೆ ಸರ್‌ನೇಮ್ ಅಂತ ಇರಲ್ಲ, ಇನಿಷಿಯಲ್ ಇರುತ್ತೆ. ಪಾಸ್‌ಪೋರ್ಟ್‌ನಲ್ಲಿ ಯಾವ ಕಾಲಂನಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ತುಂಬಿ. ಅಮ್ಮನ ಅರ್ಜಿಯಲ್ಲಿ ನಾನು ಅಪ್ಪನ ಹೆಸರನ್ನ ಬಿಡಿಸಿ ಬರೆದುಬಿಟ್ಟಿದ್ದೆ. ದುಡ್ಡು ಕಟ್ಟೋ ಮೊದಲು ಅಮ್ಮನೇ ಕನ್ನಡಕ ಹಾಕ್ಕೊಂಡು ನೋಡಿ ತಪ್ಪು ಹಿಡಿದ್ರು. ಟೀಚರ್ ಅಲ್ವಾ.

ನೊಯ್ ಬಾಯ್ ಏರ್‌ಪೋರ್ಟ್‌ನಿಂದ ಊರೊಳಕ್ಕೆ ಸುಮಾರು 30 ಕಿಲೋಮೀಟರ್. ಟ್ಯಾಕ್ಸಿಯವರು ಹೊರಗೆ ಬಂದ ಕೂಡ್ಲೇ ಮುತ್ಕೋತಾರೆ. ಅವರನ್ನ ದಾಟಿ ಮುಂದೆ ಹೋದ್ರೆ 86ನೇ ನಂಬರಿನ ಕಿತ್ತಳೆ ಬಣ್ಣದ ಬಸ್ ಸಿಗುತ್ತೆ. ನಾವು ಹೋದಾಗ ತಲೆಗೆ 45,000 ಡಾಂಗ್, ಅಂದ್ರೆ ಹೆಚ್ಚು ಕಡಿಮೆ 150 ರೂಪಾಯಿ. ಹಳೇ ಪೇಟೆಯ ಪಕ್ಕದಲ್ಲೇ ಇಳಿಸುತ್ತೆ. ನಮ್ಮ ವಾಯುವಜ್ರ ಹತ್ತಿ ಅಭ್ಯಾಸ ಇದ್ರೆ ಇದೇನು ಹೊಸದಲ್ಲ.

ಈಗ ದುಡ್ಡು. ಇಲ್ಲಿ ಗಮನ ಕೊಟ್ಟು ಕೇಳಿ. ಡಾಂಗ್‌ನಲ್ಲಿ ಸೊನ್ನೆಗಳೋ ಸೊನ್ನೆಗಳು. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಲೆಕ್ಕ. ಎಲ್ಲ ನೋಟಲ್ಲೂ ಹೋ ಚಿ ಮಿನ್ ಮುಖಾನೇ. 20,000ದ ನೋಟೂ ನೀಲಿ, 500,000ದ ನೋಟೂ ನೀಲಿ. ಒಂದು 70 ರೂಪಾಯಿಯ ಚೂರು ಕಮ್ಮಿ, ಇನ್ನೊಂದು ಸಾವಿರದ ಏಳುನೂರರ ಹತ್ತಿರ. ಮೊದಲನೇ ರಾತ್ರಿ ರೂಮಿನಲ್ಲಿ ಲೆಕ್ಕ ಹಾಕಿದ್ರೆ ಒಂದು 500,000 ಕಮ್ಮಿ. ಬಾಳೆಹಣ್ಣಿಗೆ ಕೊಟ್ಟೆನೋ, ನೀರಿನ ಬಾಟಲಿಗೆ ಕೊಟ್ಟೆನೋ, ಇವತ್ತಿಗೂ ಗೊತ್ತಿಲ್ಲ. ಮಾರನೇ ದಿನ ಅಮ್ಮ ಬ್ಯಾಂಕಿನ ವ್ಯವಹಾರ ತಮ್ಮ ಕೈಗೆ ತಗೊಂಡ್ರು. ದೊಡ್ಡ ನೋಟು ರವಿಕೆಯೊಳಗಿನ ಪರ್ಸಲ್ಲಿ, ಸಣ್ಣ ನೋಟು ಹೊರಗಿನ ಚೀಲದಲ್ಲಿ. ಆಮೇಲೆ ಒಂದು ಡಾಂಗೂ ಹೆಚ್ಚು ಕಮ್ಮಿ ಆಗಲಿಲ್ಲ.

ಹಳೇ ಪೇಟೆ ಅಂದೆನಲ್ಲ, ಅದನ್ನ 36 ಬೀದಿಗಳು ಅಂತ ಕರೀತಾರೆ. 'ಹಾಂಗ್' ಅಂದ್ರೆ ಸರಕು. ಹಾಂಗ್ ಬಾಕ್ ಬೆಳ್ಳಿ ಬೀದಿ, ಹಾಂಗ್ ದುವಾಂಗ್ ಸಕ್ಕರೆ ಬೀದಿ, ಹಾಂಗ್ ಮಾ ಪೂಜೆಯ ಕಾಗದದ ಸಾಮಾನಿನ ಬೀದಿ. ಅಮ್ಮನಿಗೆ ಇದು ತಕ್ಷಣ ಅರ್ಥ ಆಯ್ತು. "ಅಕ್ಕಿಪೇಟೆ, ರಾಗಿಪೇಟೆ, ಬಳೆಪೇಟೆ ಇದ್ದ ಹಾಗೆ." ಹೌದು, ಅಷ್ಟೇ. ತೊಂದ್ರೆ ಏನಂದ್ರೆ ಒಂದೇ ನೇರ ರಸ್ತೆ ಮುನ್ನೂರು ನಾನೂರು ಹೆಜ್ಜೆಗೊಂದು ಹೆಸರು ಬದಲಾಯಿಸ್ಕೊಂಡು ಹೋಗುತ್ತೆ. ಮ್ಯಾಪ್ ನೋಡ್ತಾ ನೋಡ್ತಾ ತಲೆ ತಿರುಗುತ್ತೆ.

ರಸ್ತೆ ದಾಟೋದು ಹನೋಯ್‌ನ ದೊಡ್ಡ ಪರೀಕ್ಷೆ ಅಂತ ಎಲ್ಲ ವಿಡಿಯೋದಲ್ಲೂ ಹೇಳ್ತಾರೆ. ಸ್ಕೂಟರ್‌ಗಳು ನದಿ ಹರಿದ ಹಾಗೆ ಬರ್ತವೆ, ನಿಲ್ಲಲ್ಲ. ಗುಟ್ಟು ಇಷ್ಟೇ: ಓಡಬಾರದು, ಹಿಂದೆ ಸರೀಬಾರದು, ಒಂದೇ ವೇಗದಲ್ಲಿ ನಿಧಾನಕ್ಕೆ ನಡೀತಾ ಹೋಗ್ಬೇಕು, ಅವರೇ ಸುತ್ತು ಹಾಕ್ಕೊಂಡು ಹೋಗ್ತಾರೆ. ಪಕ್ಕದಲ್ಲಿ ಒಬ್ಬ ಯುರೋಪಿನ ಹುಡುಗ ಐದು ನಿಮಿಷದಿಂದ ಅಲ್ಲೇ ನಿಂತಿದ್ದ. ಅಮ್ಮ ಬಲಗೈ ಎತ್ತಿ, ಸೆರಗು ಸರಿ ಮಾಡ್ಕೊಂಡು ಇಳಿದೇಬಿಟ್ರು. ಅವನು ಅಮ್ಮನ ಹಿಂದೆ, ನಾನು ಅವನ ಹಿಂದೆ.

ಊಟಕ್ಕೆ ಬರೋಣ. ಅಸಲಿ ಭಯ ಇದ್ದಿದ್ದು ಇಲ್ಲೇ. ವಿಯೆಟ್ನಾಂ ಅಡುಗೆಯಲ್ಲಿ ಮೀನಿನ ಸಾಸ್, ನುವಕ್ ಮಾಮ್ ಅಂತಾರೆ, ನಮ್ಮ ಹುಣಸೆ ರಸದ ಥರ ಎಲ್ಲದಕ್ಕೂ ಬೀಳುತ್ತೆ. "ನೋ ಮೀಟ್" ಅಂದ್ರೆ ಮಾಂಸದ ಚೂರು ತೆಗೆದು ಅದೇ ಸಾರು ಬಡಿಸ್ತಾರೆ. ಅವರದ್ದು ಮೋಸ ಅಲ್ಲ, ನಾವು ಕೇಳಿದ್ದೇ ಅಷ್ಟು. ಹಾಗಾಗಿ ಕೇಳಬೇಕಾದ ಪದ 'ಚಾಯ್'. ಕುಡಿಯೋ ಚಹಾ ಅಲ್ಲ! ಬೌದ್ಧರ ಸಸ್ಯಾಹಾರಕ್ಕೆ ಅಲ್ಲಿ ಚಾಯ್ ಅಂತಾರೆ. 'ಟೊಯ್ ಆನ್ ಚಾಯ್', ನಾನು ಸಸ್ಯಾಹಾರಿ. ಅವರ ಭಾಷೆಯಲ್ಲಿ ಸ್ವರ ಏರಿಳಿದ್ರೆ ಅರ್ಥಾನೇ ಬೇರೆ, ಅದೇ ಪದ ಬೆಂಕಿ ಹತ್ತಿದೆ ಅಂತಲೂ ಆಗಬಹುದು. ಅದಕ್ಕೆ ಫೋನಲ್ಲಿ ಬರೆದಿಟ್ಕೊಂಡು ತೋರಿಸೋದು ಕ್ಷೇಮ. ಬೋರ್ಡ್ ಮೇಲೆ 'ಕಮ್ ಚಾಯ್' ಅಂತಿದ್ರೆ ಸಸ್ಯಾಹಾರಿ ಅನ್ನದ ಊಟ ಸಿಗೋ ಹೋಟೆಲ್ ಅಂತ.

ನಮ್ಮ ಅದೃಷ್ಟಕ್ಕೆ ನಾವು ತಲುಪಿದ ಮಾರನೇ ದಿನ ಹುಣ್ಣಿಮೆ. ಅಲ್ಲಿ ಚಾಂದ್ರಮಾನ ತಿಂಗಳ ಮೊದಲನೇ ದಿನ ಮತ್ತು ಹದಿನೈದನೇ ದಿನ ಸುಮಾರು ಜನ ಮಾಂಸ ಬಿಡ್ತಾರೆ. ನಮ್ಮಲ್ಲಿ ಸೋಮವಾರ, ಶನಿವಾರ ಬಿಡೋ ಹಾಗೆ. ಚಾಯ್ ಹೋಟೆಲ್ ತುಂಬಾ ಜನ, ಬಫೆ ಇಟ್ಟಿದ್ರು. ಅಮ್ಮ ತಟ್ಟೆ ಹಿಡ್ಕೊಂಡು ಹೊರಟ್ರು, ಎರಡನೇ ಪಾತ್ರೆ ಹತ್ರ ನಿಂತುಬಿಟ್ರು. ಅದರಲ್ಲಿ ಸಿಗಡಿ. ಬಾಲ ಸಮೇತ, ಕೆಂಪು ಗೆರೆ ಸಮೇತ. ಪಕ್ಕದ ಪಾತ್ರೆಯಲ್ಲಿ ಕೋಳಿಯ ತೊಡೆ. ಅಮ್ಮ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದನ್ನ ಪಾಡ್‌ಕಾಸ್ಟಲ್ಲಿ ವರ್ಣಿಸೋಕೆ ಆಗಲ್ಲ. ತಟ್ಟೆ ಕೆಳಗಿಟ್ಟು ಹೊರಗೆ ಹೋಗಿ ಫುಟ್‌ಪಾತ್ ಮೇಲೆ ನಿಂತ್ರು.

ಅದು ಸೋಯಾದಲ್ಲಿ, ಗೆಡ್ಡೆಯ ಹಿಟ್ಟಲ್ಲಿ ಮಾಡಿದ ನಕಲಿ ಸಿಗಡಿ. ಚಾಯ್ ಅಡುಗೆಯಲ್ಲಿ ಮಾಂಸದ ಆಕಾರ ಕೊಡೋದು ಒಂದು ಕಲೆನೇ. ನಾನು ಎಷ್ಟು ಹೇಳಿದ್ರೂ ಅಮ್ಮ ಒಪ್ಪಲಿಲ್ಲ. "ನೀನು ನಂಬಿ ತಿನ್ನು, ನನಗೆ ಬೇಡ." ಕೊನೆಗೆ ಹೋಟೆಲಿನ ಅಜ್ಜಿ ಹೊರಗೆ ಬಂದು, ಅಮ್ಮನ ಕೈ ಹಿಡ್ಕೊಂಡು ಒಳಗೆ ಅಡುಗೆ ಮನೆಗೇ ಕರ್ಕೊಂಡು ಹೋದ್ರು. ಒಬ್ಬರಿಗೆ ಕನ್ನಡ, ಒಬ್ಬರಿಗೆ ವಿಯೆಟ್ನಾಮೀಸ್, ಮಧ್ಯೆ ನಾನು ಆ್ಯಪ್ ಹಿಡ್ಕೊಂಡು ನಿಂತಿದ್ದೆ, ನನ್ನನ್ನ ಯಾರೂ ಕೇಳಲಿಲ್ಲ. ಅಮ್ಮ ಹೊರಗೆ ಬಂದು ಹೇಳಿದ್ದು: "ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ವಂತೆ. ನಮ್ಮ ಮನೆಗಿಂತ ಮಡಿ." ಅಷ್ಟಾದ್ರೂ ಸಿಗಡಿ ಮುಟ್ಟಲಿಲ್ಲ. ತೋಫು, ನೀರು ಪಾಲಕ್, ಅನ್ನ, ಅಣಬೆ ಸಾರು. ಒಂದು ವಾರದಲ್ಲಿ ನಾಲ್ಕು ಸಲ ಅಲ್ಲೇ ಉಂಡ್ವಿ. ಚಟ್ನಿಪುಡಿ ಪ್ಯಾಕೆಟ್ ವಾಪಸ್ ತುಮಕೂರಿಗೆ ಬಂತು.

ಕಾಫಿ ಬಗ್ಗೆ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಬ್ರೆಜಿಲ್ ಬಿಟ್ರೆ ಜಗತ್ತಲ್ಲಿ ಅತಿ ಹೆಚ್ಚು ಕಾಫಿ ಬೆಳೆಯೋದು ವಿಯೆಟ್ನಾಂ, ಅದರಲ್ಲೂ ರೊಬಸ್ಟಾ. ಲೋಟದ ಮೇಲೆ ಪುಟ್ಟ ಫಿಲ್ಟರ್ ಇಟ್ಟು ತೊಟ್ಟು ತೊಟ್ಟಾಗಿ ಇಳಿಸ್ತಾರೆ, ಕೆಳಗೆ ಕಂಡೆನ್ಸ್ಡ್ ಮಿಲ್ಕ್. ಹನೋಯ್‌ನಲ್ಲಿ ಹೆಸರಾಗಿರೋದು ಮೊಟ್ಟೆ ಕಾಫಿ. 1946ರಲ್ಲಿ ಹಾಲಿಗೆ ಬರ ಬಂದಾಗ ಮೊಟ್ಟೆಯ ಹಳದಿ ಕಡೆದು ಹಾಕಿದ್ದಂತೆ. ನಾನು ಕುಡಿದೆ, ಅಮ್ಮ ತೆಂಗಿನ ಹಾಲಿನ ಕಾಫಿ ಕುಡಿದ್ರು. ಡಿಕಾಕ್ಷನ್ ವಿಷಯದಲ್ಲಿ ಅಮ್ಮ ಫುಲ್ ಮಾರ್ಕ್ಸ್ ಕೊಟ್ರು, ಸಿಹಿಗೆ ಕತ್ತರಿ ಹಾಕಿದ್ರು.

ನೋಡೋ ಜಾಗ ಅಂದ್ರೆ, ನನಗೆ ಉಳಿದಿದ್ದು ಸಾಹಿತ್ಯ ದೇಗುಲ. 1070ರಲ್ಲಿ ಕಟ್ಟಿದ್ದು, ಕನ್‌ಫ್ಯೂಷಿಯಸ್ ಹೆಸರಿನದ್ದು. ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳಿವೆ, ರಾಜರ ಕಾಲದ ಪರೀಕ್ಷೆ ಪಾಸಾದವರ ಹೆಸರು ಕೆತ್ತಿದ್ದಾರೆ. ಅಮ್ಮ ಅಲ್ಲಿಂದ ಒಂದೂವರೆ ಗಂಟೆ ಏಳಲಿಲ್ಲ. "ರ‍್ಯಾಂಕ್ ಲಿಸ್ಟ್ ಕಲ್ಲಲ್ಲಿ ಹಾಕೋರಲ್ಲ!" ಅಂತ. ಹೋ ಚಿ ಮಿನ್ ಸಮಾಧಿಗೆ ಬೆಳಿಗ್ಗೆ ಮಾತ್ರ ಪ್ರವೇಶ, ಸೋಮವಾರ ಶುಕ್ರವಾರ ಇರಲ್ಲ. ನಾವು ಶುಕ್ರವಾರ ಹೋಗಿ ಹೊರಗಿನಿಂದ ನೋಡ್ಕೊಂಡು ಬಂದ್ವಿ, ನನ್ನ ಪ್ಲಾನಿಂಗ್ ಮಹಿಮೆ. ರೈಲು ಮನೆಗಳ ನಡುವೆ ನುಗ್ಗೋ ಬೀದಿ ರೀಲ್ಸ್‌ಗೆ ಚೆನ್ನಾಗಿದೆ, ನಾನಂತೂ ಬಿಟ್ಟೆ. ಎರಡೂ ಕಾಲು ಗಂಟೆ ರೈಲಲ್ಲಿ ನಿನ್ ಬಿನ್‌ಗೆ ಹೋದ್ರೆ ಟ್ರಾಂಗ್ ಆನ್‌ನಲ್ಲಿ ದೋಣಿ ಇದೆ. ಸುಣ್ಣದ ಕಲ್ಲಿನ ಬೆಟ್ಟಗಳ ಅಡಿಯ ಗುಹೆಗಳ ಒಳಗೇ ತೂರಿ ಹೋಗುತ್ತೆ, ಸುಮಾರು ಮೂರು ಗಂಟೆ. ಸಮಯ ಒಂದೇ ದಿನ ಇದ್ರೆ ಅದಕ್ಕೇ ಕೊಡಿ.

ಬಾಡಿಗೆ ಸ್ಕೂಟರ್ ಬಗ್ಗೆ ಒಂದು ಮಾತು. ಅಲ್ಲಿ ಯಾರೂ ಲೈಸೆನ್ಸ್ ಕೇಳದೆ ಗಾಡಿ ಕೊಡ್ತಾರೆ. ಆದ್ರೆ ಭಾರತ ಕೊಡೋ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದು. ಹಾಗಾಗಿ ನಮ್ಮ ಪರ್ಮಿಟ್ ಅಲ್ಲಿ ನಡೆಯಲ್ಲ. ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವರು ಕೈ ಎತ್ತೋಕೆ ಅದೇ ಸಾಕು. ಗ್ರ್ಯಾಬ್ ಆ್ಯಪ್ ಇದೆ, ಬೈಕೂ ಸಿಗುತ್ತೆ ಕಾರೂ ಸಿಗುತ್ತೆ, ದರ ಮೊದಲೇ ತೋರಿಸುತ್ತೆ, ಕ್ಯಾಶ್ ಕೊಡಬಹುದು.

ಇನ್ನು ಆ ಪೆದ್ದುತನ.

ಏರ್‌ಪೋರ್ಟಲ್ಲಿ ನಾನು ಒಂದೇ ಸಿಮ್ ತಗೊಂಡಿದ್ದೆ. "ಅಮ್ಮನಿಗ್ಯಾಕೆ, ನನ್ನ ಹಾಟ್‌ಸ್ಪಾಟ್ ಇದೆಯಲ್ಲ." ನಾಲ್ಕುನೂರು ರೂಪಾಯಿ ಉಳಿಸಿದ ಖುಷಿ.

ಶನಿವಾರ ರಾತ್ರಿ ಹೊವಾನ್ ಕಿಯೆಮ್ ಕೆರೆ ಸುತ್ತ ಗಾಡಿ ಬಿಡಲ್ಲ, ಬರೀ ನಡೆಯೋರಿಗೆ. ಊರಿಗೆ ಊರೇ ಅಲ್ಲಿ. ಹೊವಾನ್ ಕಿಯೆಮ್ ಅಂದ್ರೆ ಖಡ್ಗ ಹಿಂದಿರುಗಿಸಿದ್ದು ಅಂತ. ರಾಜ ಲೇ ಲೊಯ್ ಯುದ್ಧ ಗೆದ್ದ ಮೇಲೆ ಕೆರೆಯ ಆಮೆ ಬಂದು ಖಡ್ಗ ವಾಪಸ್ ಕೇಳ್ತಂತೆ. ಈ ಕಥೆ ಹೇಳ್ತಾ ಕೆಂಪು ಮರದ ಸೇತುವೆ ಹತ್ರ ಬಂದ್ವಿ. ಅಲ್ಲಿ ಹುಡುಗರು ಡ್ಯಾನ್ಸ್ ಮಾಡ್ತಿದ್ರು, ನಾನು ವಿಡಿಯೋ ಮಾಡೋಕೆ ನಾಲ್ಕು ಹೆಜ್ಜೆ ಮುಂದೆ ಹೋದೆ. ತಿರುಗಿ ನೋಡಿದ್ರೆ ಅಮ್ಮ ಇಲ್ಲ.

ಮೊದಲು ಕೂಗಿದೆ. ಆಮೇಲೆ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಹಾಟ್‌ಸ್ಪಾಟ್ ಇಲ್ಲದೆ ಆ ಫೋನ್ ಬರೀ ಟಾರ್ಚು. ಕೆರೆಗೆ ಒಂದು ಸುತ್ತು ಓಡಿದೆ. ಸೀರೆ ಉಟ್ಟವರು ಇಡೀ ಜಾಗದಲ್ಲಿ ಒಬ್ಬರೇ, ಆದ್ರೂ ಕಾಣಲಿಲ್ಲ. ಆಮೇಲೆ ಹೋಟೆಲ್‌ಗೆ ಓಡಿದೆ. ರಿಸೆಪ್ಷನ್ ಹುಡುಗಿ "ಬಂದಿಲ್ಲ" ಅಂದ್ಲು, ನನ್ನ ಮುಖ ನೋಡಿ ನೀರು ಕೊಟ್ಲು, ಬಾಗಿಲು ಇನ್ನೊಬ್ಬರಿಗೆ ಒಪ್ಪಿಸಿ ನನ್ನ ಜೊತೆ ಹೊರಟ್ಲು. ಅಪ್ಪನಿಗೆ ಏನಂತ ಹೇಳೋದು ಅನ್ನೋದೊಂದೇ ತಲೆಯಲ್ಲಿ ಓಡ್ತಿತ್ತು.

ಅಮ್ಮ ಸೇತುವೆಯ ಬಾಗಿಲಿನ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ರು. ಜನ ತಳ್ಳಿದ್ದಕ್ಕೆ ಎರಡು ಮಾರು ಪಕ್ಕಕ್ಕೆ ಸರಿದಿದ್ರು ಅಷ್ಟೇ. ಐವತ್ತು ನಿಮಿಷ ಅಲ್ಲೇ ಇದ್ರು. ನಾನು ಎರಡು ಸಲ ಆ ಕಂಬದ ಮುಂದೆಯೇ ಓಡಿ ಹೋಗಿದ್ದೀನಂತೆ, ಅವರು ಕೂಗಿದ್ದು ಆ ಸ್ಪೀಕರ್ ಗಲಾಟೆಯಲ್ಲಿ ಕೇಳಿಲ್ಲ.

"ಸಿದ್ಧಗಂಗೆ ಜಾತ್ರೇಲಿ ನಿನಗೆ ಏನು ಹೇಳ್ಕೊಡ್ತಿದ್ದೆ?" ಅಂದ್ರು. "ತಪ್ಪಿಸ್ಕೊಂಡ್ರೆ ನಿಂತಲ್ಲೇ ನಿಲ್ಲು, ನಾನೇ ಬರ್ತೀನಿ ಅಂತ ತಾನೆ? ನಾನು ನಿಂತೆ. ನೀನ್ಯಾಕೆ ಓಡಿದೆ?"

ನನಗೆ ಅಳು ಬಂತು. ಆ ಹುಡುಗಿ ಪಕ್ಕಕ್ಕೆ ತಿರುಗಿ ನಿಂತ್ಲು. ಅಮ್ಮನ ಕೈಯಲ್ಲಿ ಹೋಟೆಲಿನ ವಿಸಿಟಿಂಗ್ ಕಾರ್ಡ್ ಇತ್ತು, ಬಂದ ದಿನವೇ ಕೌಂಟರ್‌ನಿಂದ ಎತ್ತಿಟ್ಕೊಂಡಿದ್ರಂತೆ. ಇನ್ನೊಂದು ಹತ್ತು ನಿಮಿಷ ನೋಡಿ ಟ್ಯಾಕ್ಸಿಯವನಿಗೆ ಅದನ್ನ ತೋರಿಸೋದು ಅಂದ್ಕೊಂಡಿದ್ರು. ಬೆವರಿಗೆ ಕಾರ್ಡಿನ ಅಂಚು ಮೆತ್ತಗಾಗಿತ್ತು.

ಮಾರನೇ ದಿನ ಬೆಳಿಗ್ಗೆ ಪಾಸ್‌ಪೋರ್ಟ್ ಕೊಟ್ಟು ಅಮ್ಮನ ಫೋನಿಗೆ ಸಿಮ್ ಹಾಕಿಸಿದೆ. ಅವರು ಮೊದಲ ಕಾಲ್ ಮಾಡಿದ್ದು ತುಮಕೂರಿಗೆ, ಅಪ್ಪನಿಗೆ. ಒಂದು ಮೀಟರ್ ದೂರದಲ್ಲಿ ಉಸಿರು ಹಿಡ್ಕೊಂಡು ಕೂತಿದ್ದೆ. ಆಮೆ ಬೆನ್ನ ಮೇಲಿನ ರ‍್ಯಾಂಕ್ ಲಿಸ್ಟ್ ಬಗ್ಗೆ ಹೇಳಿದ್ರು, ನಕಲಿ ಸಿಗಡಿ ಬಗ್ಗೆ ಹೇಳಿದ್ರು. ಶನಿವಾರದ ವಿಷಯ ಹೇಳಲಿಲ್ಲ. ಈ ಸಂಚಿಕೆ ಕೇಳಿದ ಮೇಲೆ ಅಪ್ಪನಿಗೆ ಗೊತ್ತಾಗುತ್ತೆ.