ಮಗುವಿನ ಮಾತಿಗೆ ಕಿವಿಗೊಡಿ



ಇಂಗ್ಲೆಂಡಿನ ಶಾಲೆಯೊಂದರಲ್ಲಿ ಗುರುಗಳು 1946ರಲ್ಲಿ ಹವಾಯಿಗೆ ಅಪ್ಪಳಿಸಿದ ಸುನಾಮಿಯ ಚಿತ್ರವನ್ನು ಮಕ್ಕಳಿಗೆ ತೆರೆಯ ಮೇಲೆ ತೋರಿಸಿದರು. ಎರಡು ವಾರಗಳ ತರುವಾಯ, 2004ನೆಯ ಡಿಸೆಂಬರ್ 26ರಂದು, ಅದೇ ತರಗತಿಯ 10 ವರ್ಷದ ಟಿಲ್ಲಿ ಸ್ಮಿತ್ ಥಾಯ್ಲೆಂಡಿನ ಫುಕೆಟ್ ಕಡಲತೀರದಲ್ಲಿದ್ದಳು. ಕಡಲು ನೊರೆಗಟ್ಟಿ ಉಕ್ಕುವುದನ್ನು ಕಂಡು ಅಪಾಯವನ್ನರಿತಳು. ತಂದೆತಾಯಿಗಳಿಗೆ ಕೂಗಿ ಹೇಳಿದಳು. ತಂದೆ ಕಾವಲುಗಾರನಿಗೆ ತಿಳಿಸಿದರು. ಸುಮಾರು 100 ಜನರ ಪ್ರಾಣ ಉಳಿಯಿತು.

ನಮ್ಮೂರಿಗೆ ಕಡಲಿಲ್ಲ, ಸಿಡಿಲುಂಟು. ಶಾಲೆಯಲ್ಲಿ ಚಿತ್ರ ನೋಡಿ ಬಂದ ಮಗು, "ಅಪ್ಪಾ, ಗುಡುಗುವಾಗ ಮರದಡಿ ನಿಲ್ಲಬೇಡ" ಎಂದರೆ, "ನಿನಗೇನು ಗೊತ್ತು?" ಎಂದು ಗದರಬೇಡಿ. ಹೊಲದ ಕೆಲಸ ಬಿಟ್ಟು ಗಟ್ಟಿ ಮನೆಯೊಳಗೆ ಸೇರಿರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಡಬೇಡಿ. ಮಕ್ಕಳನ್ನು ಓದಲು ಕಳಿಸಿದ್ದು ಇದಕ್ಕೂ ಅಲ್ಲವೇ?