ಎಳೆಯ ಕಿವಿಗೆ ಬೇರೆ ಅಳತೆ

ಮಗು ಹುಟ್ಟುವ ಹೊತ್ತಿಗೇ ಅದರ ಒಳಕಿವಿಯ ಕಾಕ್ಲಿಯಾ ಪೂರ್ತಿ ಬೆಳೆದಿರುತ್ತದೆ. ಪ್ರತಿ ಕಿವಿಗೂ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು. ಬದುಕಿನುದ್ದಕ್ಕೂ ಅಷ್ಟೇ, ಸತ್ತವು ಮತ್ತೆ ಹುಟ್ಟುವುದಿಲ್ಲ. ಅಬ್ಬರದ ಸದ್ದಿಗೆ ಮೊದಲು ಕುಂದುವುದು ತಾರಸ್ವರಗಳನ್ನು ಹಿಡಿಯುವ ಶಕ್ತಿ. ಸ, ಶ, ತ ಮುಂತಾದ ವ್ಯಂಜನಗಳು ಕೇಳಿಸುವುದು ಈ ಶಕ್ತಿಯಿಂದಲೇ. ಮಾತು ಕಲಿತು ಮುಗಿದವರು ಕೇಳಿಸದ ಅಕ್ಷರವನ್ನು ಊಹಿಸಿಕೊಳ್ಳಬಲ್ಲರು. ಈಗಷ್ಟೇ ಮಾತು ಕಲಿಯುತ್ತಿರುವ ಮಗುವಿಗೆ ಆ ಊಹೆಯ ಆಸರೆಯೂ ಇಲ್ಲ. ಕಿವಿಯಲ್ಲಿ ಗುಂಯ್‌ಗುಡುತ್ತಿದೆ ಎಂದು ಹೇಳಲೂ ಅದಕ್ಕೆ ಬಾರದು.

ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಂಥ ವಸತಿ ಬಡಾವಣೆಗಳಲ್ಲಿ ಸದ್ದು ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು ಎನ್ನುತ್ತವೆ 2000ದ ಶಬ್ದಮಾಲಿನ್ಯ ನಿಯಮಗಳು. ಶಾಲೆ, ಆಸ್ಪತ್ರೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೂ ಆಗಬಹುದು. ವಾಸ್ತವದಲ್ಲಿ ಇಲ್ಲಿ ಬಜ್‌ಬಜ್ ಮಾರ್ಗದ ರೈಲಿನ ಹಾರ್ನ್ ಇದೆ, ಮೇಲ್ಸೇತುವೆಯ ವಾಹನಗಳಿವೆ, ಶರತ್ಕಾಲ ಬಂತೆಂದರೆ ಢಾಕ್ ಎಂಬ ದೊಡ್ಡ ಡೋಲು ಮತ್ತು ಧ್ವನಿವರ್ಧಕಗಳಿವೆ. ಢಾಕ್ ಬಂಗಾಳದ ಹಬ್ಬದ ಜೀವ; ಅದನ್ನು ನಿಲ್ಲಿಸಬೇಕೆಂದು ಯಾರೂ ಹೇಳಲಾರರು. ಆದರೆ ಢಾಕ್ ಬಾರಿಸುವವರ ಪಕ್ಕದಲ್ಲೇ ಹಸುಗೂಸನ್ನು ಎತ್ತಿಕೊಂಡು ನಿಲ್ಲುವುದು ಸಲ್ಲದು.

ದೊಡ್ಡ ಅಪಾಯ ಕಾಳಿಪೂಜೆಯ ಪಟಾಕಿಯದು. ಪಶ್ಚಿಮ ಬಂಗಾಳ ಬಹುಕಾಲ ಇಡೀ ದೇಶಕ್ಕಿಂತ ಬಿಗಿಯಾದ 90 ಡೆಸಿಬೆಲ್ ಮಿತಿಯನ್ನು ಉಳಿಸಿಕೊಂಡಿತ್ತು; 2023ರಲ್ಲಿ ಅದನ್ನು ರಾಷ್ಟ್ರೀಯ ಮಿತಿಯಾದ 125ಕ್ಕೆ ಏರಿಸಿತು. ಮಕ್ಕಳ ಮಟ್ಟಿಗೆ ಇದು ಸ್ಪಷ್ಟ ಹಿನ್ನಡೆ. ಈ 125 ಕೂಡ ಪಟಾಕಿಯಿಂದ 4 ಮೀಟರ್ ದೂರದಲ್ಲಿ ಅಳೆದದ್ದು. ದೂರ ಅರ್ಧವಾದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. ಕಿರಿದಾದ ಗಲ್ಲಿಯಲ್ಲಿ ಒಂದೇ ಮೀಟರ್ ಆಚೆ ನಿಂತ ಮಗುವಿಗೆ ಅದು 137ರ ಆಸುಪಾಸು. ಸ್ಫೋಟದ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿದ ಗರಿಷ್ಠ ಮಿತಿ ದೊಡ್ಡವರಿಗೆ 140, ಮಕ್ಕಳಿಗೆ 120. ಕಾನೂನು ಒಪ್ಪುವ ಪಟಾಕಿಯನ್ನೂ ಎಳೆಯ ಕಿವಿ ತಾಳಲಾರದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಮನೆಗಳಲ್ಲಿ ಕಿವಿಗೆ ಹತ್ತಿ ತುರುಕುವ ರೂಢಿಯಿದೆ. ಅದರಿಂದ ಸದ್ದು ಅಷ್ಟಾಗಿ ತಗ್ಗುವುದಿಲ್ಲ. ಇಯರ್ ಪ್ಲಗ್ ಪುಟ್ಟ ಮಕ್ಕಳ ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಬಹುದು. ಕಿವಿಯನ್ನು ಹೊರಗಿನಿಂದ ಪೂರ್ತಿ ಮುಚ್ಚುವ, ಮಗುವಿನ ತಲೆಯ ಅಳತೆಯ ಇಯರ್ ಮಫ್ ವಾಸಿ. ಅದಕ್ಕಿಂತಲೂ ವಾಸಿ ದೂರ. ಕರೆದರೆ ತಿರುಗದ, ಮಾತು ತಡವಾದ ಮಗುವನ್ನು 'ದೊಡ್ಡವನಾದರೆ ಸರಿಹೋಗುತ್ತಾನೆ' ಎಂದು ಕಾಯದೆ ಶ್ರವಣ ಪರೀಕ್ಷೆಗೆ ಒಯ್ಯಬೇಕು. ನಿದ್ದೆಯಲ್ಲಿರುವ ನವಜಾತ ಶಿಶುವಿಗೂ ನಡೆಸಬಹುದಾದ ಪರೀಕ್ಷೆಗಳಿವೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅವು ಲಭ್ಯ.

ಇನ್ನು ಉಳಿದದ್ದು ಪೂಜಾ ಸಮಿತಿಗಳ, ಶಾಲೆಗಳ, ಪೊಲೀಸರ ಕೆಲಸ. ಧ್ವನಿವರ್ಧಕ ಕಟ್ಟುವ ಮುನ್ನ ಡೆಸಿಬೆಲ್ ಮಾಪಕವನ್ನು ಮೂರು ವರ್ಷದ ಮಗುವಿನ ಕಿವಿಯ ಎತ್ತರದಲ್ಲಿ, ಮಗು ನಿಲ್ಲುವ ಜಾಗದಲ್ಲೇ ಹಿಡಿದು ಅಳೆಯಬೇಕು. ಅವರು ಮಾಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಇದೇ ಆಗಲಿ.